ಭಾವನ ಖಿನ್ನತೆಯ ಫೈಲು

ಇಡೀ ದುಬೈಯಲ್ಲಿ ತನ್ನ ಖಿನ್ನತೆಗೆ ರಿವಿಜನ್ ನಂಬರ್ ಹಾಕಿ ಫೈಲು ಮಾಡಿಟ್ಟ ಮನುಷ್ಯ ಒಬ್ಬರೇ, ಅವರು ನನ್ನ ಭಾವ. ಯಾರಿಗಾದರೂ ಆಕ್ಷೇಪವಿದ್ದರೆ ದಯವಿಟ್ಟು ಬರೆದು, ಸಹಿ ಹಾಕಿ ಕೊಡಬೇಕು. ಬಾಯಿಮಾತನ್ನು ಭಾವ ಸ್ವೀಕರಿಸುವುದಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ನಕ್ಷೆ ಒಳಗೆ ಬಂದರೆ ಒಂದು ಮೊಹರು, ಹೊರಗೆ ಹೋದರೆ ಇನ್ನೊಂದು. ಗೆರೆಯೊಂದು ಕೂದಲೆಳೆಯಷ್ಟು ಸರಿದರೂ ಹೊಸ ರಿವಿಜನ್ ನಂಬರ್. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ ಮನುಷ್ಯ ಮನೆಯಲ್ಲಿ ಬೇರೆ ಥರ ಇರುತ್ತಾನೆಯೇ? ಅಲ್ ನಹ್ದಾದ ಅವರ ಫ್ಲ್ಯಾಟಿನಲ್ಲಿ ದೋಸೆಹಿಟ್ಟಿನ ಡಬ್ಬಕ್ಕೂ ತಾರೀಕಿನ ಚೀಟಿ. ಅಕ್ಕ ಒಂದು ಚಿಟಿಕೆ ಉಪ್ಪು ಸೇರಿಸಿದರೆ ಅದು ರಿವಿಜನ್ ಒಂದು.

ಇಂಥ ಭಾವ ಕಳೆದ ವರ್ಷ ಸುಮ್ಮನಾಗಿಬಿಟ್ಟರು. ಕಾರಣ ಗೊತ್ತಿರಲಿಲ್ಲ, ಗೊತ್ತಿದ್ದರೆ ದಾಖಲಿಸುತ್ತಿದ್ದರು. ಆಫೀಸಿನಿಂದ ಬಂದು ಶೂ ಕೂಡ ಬಿಚ್ಚದೆ ಸೋಫಾದಲ್ಲಿ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ದೋಸೆಹಿಟ್ಟಿನ ಚೀಟಿ ನಿಂತುಹೋಯಿತು. ಒಂದು ದಿನ ಅಕ್ಕನಲ್ಲಿ, "ನಾನಿಲ್ಲದಿದ್ರೂ ನಿಮಗೆಲ್ಲ ಎಂತ ವ್ಯತ್ಯಾಸ ಆಗ್ಲಿಕ್ಕುಂಟು?" ಎಂದು ಕೇಳಿದರಂತೆ, ಪೇಪರ್ ಬಂತಾ ಎಂದು ಕೇಳುವ ದನಿಯಲ್ಲಿ. ಅಕ್ಕ ಹೆದರಿದಳು. ನಾನೂ ಹೆದರಿದೆ.

ಮರುದಿನವೇ ಇಬ್ಬರೂ ಸೇರಿ ಅವರನ್ನು ಬರ್ ದುಬೈಯ ಒಬ್ಬ ಆಪ್ತಸಲಹೆಗಾರ್ತಿಯ ಬಳಿ ಕರೆದೊಯ್ದೆವು. ಆಕೆ ಉಡುಪಿ ಕಡೆಯವರು, ಆಡ್ಲರ್ ಎಂಬ ಮನಶ್ಶಾಸ್ತ್ರಜ್ಞನ ಪದ್ಧತಿ ಕಲಿತವರು. ಆ ಪದ್ಧತಿಯಲ್ಲಿ ಮೊದಲು ಬಾಲ್ಯವನ್ನು ವಿಚಾರಿಸುತ್ತಾರೆ.

"ನಿಮ್ಮ ಅತಿ ಹಳೆಯ ನೆನಪು ಯಾವುದು, ಹೇಳಿ."

ಭಾವ ಒಂದು ವಾರ ಸಮಯ ಕೇಳಿದರು. ಮುಂದಿನ ವಾರ ನೆನಪು ಟೈಪಾಗಿ, ರಿವಿಜನ್ ಸೊನ್ನೆ ಎಂಬ ಗುರುತಿನೊಂದಿಗೆ ಎರಡು ಪ್ರತಿಗಳಲ್ಲಿ ಹಾಜರಾಯಿತು. ಕಣ್ಣಾಮುಚ್ಚಾಲೆ ಆಟದಲ್ಲಿ ಐದು ವರ್ಷದ ಭಾವ ಬಚ್ಚಲಿನ ಹಂಡೆಯ ಹಿಂದೆ ಅಡಗಿ ಕೂತಿದ್ದರಂತೆ. ಹುಡುಕಲು ಯಾರೂ ಬರಲಿಲ್ಲ. ಎಲ್ಲರೂ ಊಟಕ್ಕೆ ಕೂತರು. ಇದನ್ನು ದೃಢೀಕರಿಸಲು ಮಸ್ಕತ್‌ನಲ್ಲಿರುವ ಅಣ್ಣನಿಗೂ ಒಂದು ಪ್ರತಿ ಕಳಿಸಿದ್ದರು. ಅಣ್ಣನ ಉತ್ತರವನ್ನೂ ಲಗತ್ತಿಸಿದ್ದರು: "ಅಡಗಿದ್ದು ನಾನು. ನೀನು ಊಟಕ್ಕೆ ಕೂತವ."

ಆಕೆ ನಕ್ಕರು. "ಯಾರದ್ದಾದ್ರೂ ಆಗ್ಲಿ. ಸಾವಿರ ನೆನಪು ಬಿಟ್ಟು ಇದನ್ನೇ ಯಾಕೆ ಇಟ್ಕೊಂಡ್ರಿ? 'ನಾನು ಯಾರಿಗೂ ಬೇಡ' ಅಂತ ಹೇಳ್ಲಿಕ್ಕೆ ನಿಮಗೊಂದು ಸಾಕ್ಷಿ ಬೇಕಿತ್ತು, ಅಲ್ವಾ?"

ಭಾವ ಪ್ರತಿಯ ಮೇಲೆ 'ಪರಿಶೀಲನೆಯಲ್ಲಿದೆ' ಎಂದು ಬರೆದುಕೊಂಡರು.

ಆಮೇಲೆ ಬಂತು ಮದ್ದು. ಹದಿನಾಲ್ಕು ದಿನ, ದಿನಕ್ಕೊಬ್ಬರಿಗೆ ಖುಷಿಯಾಗುವ ಒಂದು ಸಣ್ಣ ಕೆಲಸ ಮಾಡಬೇಕು. "ಖುಷಿ ಆಯ್ತು ಅಂತ ಎಂತ ಪುರಾವೆ ಮೇಡಂ?" ಎಂದು ಭಾವ ಕೇಳಿದರು. "ಅದು ನಿಮಗೇ ಬಿಟ್ಟದ್ದು," ಎಂದು ಆಕೆ ಹೇಳಿದ್ದೇ ತಪ್ಪಾಯಿತು.

ಫಾರಂ ಮುದ್ರಣವಾಯಿತು. ಹೆಸರು, ಫ್ಲ್ಯಾಟ್ ನಂಬರ್, ಖುಷಿಯ ವಿವರ. ಕೆಳಗೆ ಮೂರು ಚೌಕ: ಒಪ್ಪಿಗೆ, ಸೂಚನೆಗಳೊಂದಿಗೆ ಒಪ್ಪಿಗೆ, ತಿರಸ್ಕೃತ. ವಾಚ್‌ಮನ್‌ಗೆ ಚಹಾ ಕೊಡಿಸಿ ಸಹಿ ಪಡೆದರು. ಒಂಬತ್ತನೇ ಮಹಡಿಯ ಈಜಿಪ್ಟಿನ ಅಜ್ಜಿಗೆ ನೀರಿನ ಕ್ಯಾನು ಹೊತ್ತುಕೊಟ್ಟರು. ಆಕೆ ಎರಡನೇ ಚೌಕಕ್ಕೆ ಗುರುತು ಹಾಕಿ, "ನಾಳೆ ಬೇಗ ಬರಬೇಕು, ಕಸವೂ ಇದೆ," ಎಂದು ಸೂಚನೆ ಬರೆದರು. ಆರನೇ ಮಹಡಿಯ ಪಂಜಾಬಿಗೆ ಲಿಫ್ಟು ಹಿಡಿದು ನಿಲ್ಲಿಸಿದರೆ ಆತ ತಿರಸ್ಕರಿಸಿಬಿಟ್ಟ. ತೂಕ ಇಳಿಸಲು ಮೆಟ್ಟಿಲು ಹತ್ತುವವನಂತೆ. ತಿರಸ್ಕೃತ ಕಾಗದವನ್ನು ಭಾವ ಹಾಗೆಯೇ ಬಿಡುವವರೇ? ಮರುದಿನ ಅವನ ಜೊತೆಗೆ ತಾವೂ ಆರು ಮಹಡಿ ಹತ್ತಿ ರಿವಿಜನ್ ಒಂದಕ್ಕೆ ಒಪ್ಪಿಗೆ ಪಡೆದರು. ಅಂದು ಊಟದಲ್ಲಿ ಎರಡನೇ ಸಲ ಅನ್ನ ಹಾಕಿಸಿಕೊಂಡರು ಎಂದು ಅಕ್ಕ ನನಗೆ ಫೋನು ಮಾಡಿ ಹೇಳಿದಳು.

ಹದಿನೈದನೇ ದಿನ ಸಲಹೆಗಾರ್ತಿ ಫೈಲನ್ನು ಪೂರ್ತಿ ಓದಿದರು. "ಎಲ್ಲ ಸರಿ ಉಂಟು. ನಿಮ್ಮ ಹೆಂಡತಿಯ ಸಹಿ ಎಲ್ಲಿ?"

"ಅವಳು ಇಂಟರ್ನಲ್ ಅಲ್ವಾ ಮೇಡಂ. ಮನೆಯೊಳಗಿನವರಿಗೆ ಫಾರಂ ಇಲ್ಲ."

"ಫಾರಂ ಬೇಡ. ಮನೆಗೆ ಹೋಗಿ ಕೇಳಿ."

ಅಂದು ಶುಕ್ರವಾರ. ಸಂಜೆ ನಾನು ಅವರ ಮನೆಯಲ್ಲೇ ಚಹಾ ಕುಡಿಯುತ್ತಿದ್ದೆ, ಅಕ್ಕ ಅಡುಗೆಮನೆಯಲ್ಲಿ ಅಲಸಂಡೆ ಹೆಚ್ಚುತ್ತಿದ್ದಳು. ಭಾವ ಬಾಗಿಲಲ್ಲಿ ನಿಂತು, "ನಿಂಗೆ ಖುಷಿ ಆಗುವಂಥದ್ದು ಒಂದು ಹೇಳು. ಮಾಡ್ತೇನೆ," ಎಂದರು. ಫ್ಯಾನು ಒರೆಸಲು ಹೇಳುತ್ತಾಳೆ ಎಂದುಕೊಂಡೆ ನಾನು.

ಅಕ್ಕ ತಲೆ ಎತ್ತಲಿಲ್ಲ. "ಬೆಳಿಗ್ಗೆ ಏಳಿ. ನಂಗೆ ಅಷ್ಟು ಸಾಕು. ನಾಲ್ಕು ತಿಂಗಳಾಯ್ತು, ನೀವು ಉಸಿರಾಡ್ತೀರಾ ಅಂತ ಎದ್ದು ಎದ್ದು ನೋಡಿ ನಂಗೆ ನಿದ್ದೆಯೇ ಇಲ್ಲ."

ಭಾವ ಅವಳ ಕೈಯಿಂದ ಚೂರಿ ತೆಗೆದುಕೊಂಡು ಉಳಿದ ಅಲಸಂಡೆಯನ್ನು ತಾವೇ ಹೆಚ್ಚಿದರು.

ಮರುದಿನ ರಜೆ. ಬೆಳಿಗ್ಗೆ ಏಳು ಗಂಟೆಗೆ ಭಾವನ ಫೋನು. ಪಿಸುದನಿ ಕೇಳಿ, "ಎಂತಾಯ್ತು ಭಾವ?" ಎನ್ನುತ್ತ ಎದ್ದು ಕೂತೆ.

"ಎಂತ ಇಲ್ಲ. ನಾನು ಎದ್ದಿದ್ದೇನೆ ಅಂತ ಹೇಳ್ಲಿಕ್ಕೆ ಮಾಡಿದ್ದು."

"ನನಗ್ಯಾಕೆ ಭಾವ? ಅಕ್ಕನಿಗೆ ಹೇಳಿ."

ಭಾವ ದನಿಯನ್ನು ಇನ್ನೂ ತಗ್ಗಿಸಿದರು.

"ಅವಳು ಒಳ್ಳೇ ನಿದ್ದೆಯಲ್ಲಿದ್ದಾಳೆ ಮಾರಾಯ. ಎಬ್ಬಿಸ್ಲಿಕ್ಕೆ ಮನಸ್ಸು ಬರುದಿಲ್ಲ."