ಐಬು ಹೇಳಿ ಊರು ತೋರಿಸಿದವರು

ನಮ್ಮೂರಿನ ಕೊಬ್ಬರಿ ಸಾಹೇಬರಿಗೆ ವ್ಯಾಪಾರವೇ ಗೊತ್ತಿರಲಿಲ್ಲ ಎಂದರೆ ತಿಪಟೂರಿನ ಕೊಬ್ಬರಿ ಮಂಡಿಯವರು ನಗುತ್ತಾರೆ. ಆದರೆ ನೀವೇ ಹೇಳಿ, ಗಿರಾಕಿಯ ಮುಂದೆ ಚೀಲ ಬಿಚ್ಚಿ, ಬೂಷ್ಟು ಹಿಡಿದ ಕೊಬ್ಬರಿ ಗಿಟುಕನ್ನೇ ಮೊದಲು ಆರಿಸಿ ತೋರಿಸುವವರನ್ನು ಏನೆನ್ನಬೇಕು!

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಶೆಟ್ಟಿಕೆರೆ ಕಡೆಯ ನಮ್ಮೂರಿನಲ್ಲೇ ಮೇಷ್ಟ್ರಾಗಿದ್ದೆ. ಬೆಂಗಳೂರಿನವರನ್ನು ಭಾನುವಾರ ಕರೆಸಿ ತೋಟ, ಕೆರೆ, ಹಳೆಯ ಮಂಟಪ ತೋರಿಸಿ ಮುದ್ದೆ ಊಟ ಹಾಕಿ ನಾಲ್ಕು ಕಾಸು ಸಂಪಾದಿಸುವುದೆಂದು ಊರವರು ತೀರ್ಮಾನಿಸಿದರು. ಕರಪತ್ರ ಬರೆಯುವ ಕೆಲಸ ನನ್ನದು, ಬಂದವರನ್ನು ಸುತ್ತಾಡಿಸುವ ಕೆಲಸ ಸಾಹೇಬರದು.

ಕರಪತ್ರ ಓದಿಸಿಕೊಂಡು ಅವರು ಹುಬ್ಬು ಗಂಟಿಕ್ಕಿದರು.

"ಸದಾ ತುಂಬಿದ ಕೆರೆ ಅಂತ ಬರ್ದಿದೀರಲ್ಲ ಮೇಷ್ಟ್ರೇ, ನೀರೆಲ್ಲೈತೆ?"

"ಮಳೆ ಬಂದ್ರೆ ಇರ್ತದಲ್ಲ ಸಾಬ್ರೇ."

"ಹಂಗಾದ್ರೆ ಹಂಗೇ ಬರೀರಿ. ಮಾಲಿನ ಐಬು ಮುಚ್ಚಿಟ್ಟು ಮಾರೋದು ನಮ್ಮ ದೀನ್‌ನಲ್ಲಿ ಹರಾಮು ಕಣ್ರೀ. ಕೊಬ್ಬರಿಯಾದ್ರೇನು, ಊರಾದ್ರೇನು?"

ಹಾಗೇ ಬರೆದೆ. 'ಕಕ್ಕಸು ಇಲ್ಲ, ಬಯಲಿಗೇ ಹೋಗಬೇಕು' ಎಂಬ ಸಾಲನ್ನೂ ಬರೆಸಿದರು! ಇದನ್ನು ಓದಿ ಯಾರು ಬರುತ್ತಾರೆ? ನಾಲ್ಕೇ ಜನ ಬಂದರು.

ಅವರಲ್ಲೊಬ್ಬ ಯುವಕ, ಗುಡಿಸಲ ಮುಂದೆ ಹರಕು ಸೀರೆಯಲ್ಲಿ ತೆಂಗಿನ ಗರಿ ಸೀಳುತ್ತಿದ್ದ ಪುಟ್ಟಮ್ಮನತ್ತ ಕ್ಯಾಮೆರಾ ಎತ್ತಿದ. ಸಾಹೇಬರು ಅಡ್ಡ ನಿಂತರು.

"ಮೊದ್ಲು ಆಯಮ್ಮನ್ನ ಕೇಳಿ ಸಾಮಿ."

ನನಗೆ ಸಿಟ್ಟು ಬಂತು. "ಬಂದೋರ್ನೂ ಓಡಿಸ್ತೀರಲ್ಲ ಸಾಬ್ರೇ!"

"ಆಯಮ್ಮನ ಬಡತನ ನಾವು ತೋರ್ಸೋಕೆ ಇಟ್ಟಿರೋದಲ್ಲ ಮೇಷ್ಟ್ರೇ" ಎಂದರು, ಮೆಲ್ಲಗೆ.

ಆ ಯುವಕ ತಲೆ ತಗ್ಗಿಸಿ ಪುಟ್ಟಮ್ಮನನ್ನೇ ಕೇಳಿದ. "ವಸಿ ತಡೀರಪ್ಪ" ಎಂದು ಅವಳು ಒಳಗೆ ಹೋದಳು. ಮುಖ ತೊಳೆದು, ಪೆಟ್ಟಿಗೆಯಲ್ಲಿದ್ದ ಧಾರೆ ಸೀರೆ ಉಟ್ಟು ಬಂದು ನೆಟ್ಟಗೆ ನಿಂತಳು.

ತಿಂಗಳೊಳಗೆ ಫೋಟೋ ಅಂಚೆಯಲ್ಲಿ ಬಂತು. ಎಂಥ ಫೋಟೋ! ಮುಂದಿನ ಕರಪತ್ರಕ್ಕೆ ಅದೇ ಎಂದುಕೊಂಡೆ. "ಆಯಮ್ಮನ್ನ ಕೇಳಿ ಹಾಕ್ಸಿ" ಎಂದರು ಸಾಹೇಬರು. ಇಬ್ಬರೂ ಹೋದೆವು.

ಪುಟ್ಟಮ್ಮ ಫೋಟೋವನ್ನು ಬಹಳ ಹೊತ್ತು ನೋಡಿದಳು.

"ತುರುವೇಕೆರೆ ಮಗಳ ಮನೇಲಿ ನಂದೊಂದು ಪಟಾನೂ ಇಲ್ಲ ಸಾಬಣ್ಣ. ಇದ್ನ ಅವ್ಳಿಗೆ ಕೊಟ್ಬುಡಿ. ಊರೋರಿಗೆಲ್ಲ ಹಂಚ್ಬ್ಯಾಡಿ."

ನಾನು ಮಗಳ ವಿಳಾಸ ಬರೆದುಕೊಂಡೆ. ಅಂಚೆಗೆ ಹಾಕೋಣವೆಂದು ಲಕೋಟೆ ಹುಡುಕುತ್ತಿದ್ದರೆ, "ಮಡಚೋಗ್ತದೆ ಬುಡಿ" ಎಂದು ಸಾಹೇಬರು ಫೋಟೋವನ್ನು ಎರಡು ರಟ್ಟುಗಳ ನಡುವೆ ಇಟ್ಟು ತಮ್ಮ ಟವಲಿನಲ್ಲಿ ಸುತ್ತಿದರು. ಮರುದಿನ ಅಂಗಡಿ ತೆರೆಯಲಿಲ್ಲ. ಬೆಳಗಿನ ಬಸ್ಸಿನ ನೂಕುನುಗ್ಗಲಿನಲ್ಲಿ, ಆ ಗಂಟನ್ನು ಮಗುವಿನಂತೆ ಎದೆಗವಚಿಕೊಂಡು, ತುರುವೇಕೆರೆಯವರೆಗೂ ನಿಂತೇ ಹೋದರಂತೆ.