ಸ್ವಲ್ಪ ಜರುಗಿ, ಕಿಟಕಿ ನೋಡಬೇಕು

ನಮ್ಮ ಸೋದರಮಾವನಿಗೆ ಆರೋಗ್ಯವಂತರನ್ನು ಕಂಡರೆ ಆಗುವುದಿಲ್ಲ. "ಹೇಗಿದ್ದೀಯೋ?" ಎಂದು ಕೇಳಿದಾಗ "ಚೆನ್ನಾಗಿದ್ದೀನಿ ಮಾವ" ಎಂದುಬಿಟ್ಟರೆ ಅವರ ಮುಖ ಸಪ್ಪಗಾಗುತ್ತದೆ. "ಹೌದಾ, ಸರಿ ಹಾಗಾದ್ರೆ" ಎಂದು ಚಪ್ಪಲಿ ಮೆಟ್ಟುತ್ತಾರೆ. ಅದೇ ಯಾರಿಗಾದರೂ ಕಾಲು ಮುರಿಯಲಿ, ಕಾಮಾಲೆಯಾಗಲಿ, ಮಾರನೆಯ ಬೆಳಿಗ್ಗೆ ಮಾವ ಹಾಜರು. ಊರವರೆಲ್ಲ ರೋಗಿಗೆ ಮೋಸಂಬಿ, ಬ್ರೆಡ್ಡು ಒಯ್ದರೆ ಇವರ ಕೈಚೀಲದಲ್ಲಿ ಸಣ್ಣ ಗುದ್ದಲಿ, ಒಂದುಂಡೆ ಹುರಿ, ಗೊಬ್ಬರದ ಪೊಟ್ಟಣ. ಗೊಬ್ಬರ ಹಿಡಿದು ಆಸ್ಪತ್ರೆಗೆ ಹೋಗುವವರನ್ನು ನೀವು ಕಂಡಿದ್ದೀರಾ?

ಗರುಡಾಚಾರ್‌ಪಾಳ್ಯದಲ್ಲಿ ಮಾವ ಸೊಪ್ಪು ಬೆಳೆಯುತ್ತಿದ್ದ ಮಡಿಗಳ ಮೇಲೆ ಈಗ ಕಾರ್ಖಾನೆಯ ಷೆಡ್ಡುಗಳಿವೆ. ಅತ್ತೆಯ ಚಿಕಿತ್ಸೆಗೆ ಹತ್ತಿರವಾಗಲೆಂದು ಕುಕ್ ಟೌನಿನ ಹಳೇ ಬಂಗಲೆಯೊಂದರ ಹಿಂದಿನ ಔಟ್‌ಹೌಸು ಬಾಡಿಗೆಗೆ ಹಿಡಿದವರು, ಅತ್ತೆ ತೀರಿಕೊಂಡ ಮೇಲೂ ಅಲ್ಲೇ ಉಳಿದುಬಿಟ್ಟರು. ಮಕ್ಕಳಿಲ್ಲ. ಮಣ್ಣು ಕೆದಕುವ ಕೈಗೆ ಮಣ್ಣೂ ಇಲ್ಲ. ಈ ರೋಗಿಗಳ ಹುಚ್ಚು ಹತ್ತಿದ್ದು ಆಮೇಲೆ.

ಅವರ ಸಿದ್ಧಾಂತ ಸರಳ. ಕಾಯಿಲೆ ಅರ್ಧ ವಾಸಿಯಾಗುವುದು ಮಾತ್ರೆಯಿಂದ, ಉಳಿದರ್ಧ ಕಿಟಕಿಯಿಂದ. ಆದರೆ ಜನ ತೋಟ ಮಾಡುವುದು ನಿಂತು ನೋಡುವವರಿಗಾಗಿ. ರೋಗಿ ಮಲಗಿರುತ್ತಾನಲ್ಲ, ಅವನಿಗೆ ಕಾಣುವುದೇನು? ಅದನ್ನು ತಿಳಿಯಲು ಇರುವುದು ಒಂದೇ ದಾರಿ. ಮಾವ ಚೀಲ ಕೆಳಗಿಟ್ಟು, "ಸ್ವಲ್ಪ ಜರುಗಿ" ಎಂದು ರೋಗಿಯ ಪಕ್ಕದಲ್ಲೇ ಮಲಗಿಬಿಡುತ್ತಾರೆ.

"ಏನ್ ಗೌಡ್ರೇ, ಹುಷಾರಿಲ್ವಾ?" ಎನ್ನುತ್ತಾರೆ ರೋಗಿಯನ್ನು ನೋಡಲು ಬಂದವರು.

"ಮಾತಾಡ್ಬೇಡಿ, ನೋಡ್ತಿದ್ದೀನಿ."

ಬೆನ್ಸನ್ ಟೌನಿನ ನರ್ಸಿಂಗ್ ಹೋಮೊಂದರಲ್ಲಿ ಹೀಗೆ ಮಲಗಿದ್ದಾಗ ಒಳಬಂದ ನರ್ಸಮ್ಮ, ಇಬ್ಬರಲ್ಲಿ ರೋಗಿ ಯಾರೆಂದು ತಿಳಿಯದೆ ಮಾವನ ಬಾಯಿಗೇ ಥರ್ಮಾಮೀಟರ್ ಇಟ್ಟರು. ಮಾವ ತೆಗೆಯಲಿಲ್ಲ. ಇನ್ನು ಯಾರಿಗೂ ಉತ್ತರ ಕೊಡಬೇಕಿಲ್ಲವೆಂದು ಅವರಿಗೆ ಸಮಾಧಾನವೇ ಆಯಿತಂತೆ.

ಎಲ್ಲ ಸಲವೂ ಯಶಸ್ಸು ಸಿಕ್ಕಿತೆನ್ನಲಾರೆ. ಹಲಸೂರಿನಲ್ಲಿ ನಮ್ಮ ದೂರದ ಸಂಬಂಧದ ಅಜ್ಜಿಯೊಬ್ಬರು ನ್ಯುಮೋನಿಯಾದಿಂದ ಮಲಗಿದ್ದರು. ಹಾಸಿಗೆಯಿಂದ ನೋಡಿದರೆ ಕಿಟಕಿಯ ಕೆಳತುದಿ ಬರೀ ಬೋಳು. ಮಾವ ಸದ್ದಿಲ್ಲದೆ ಒಂದು ಪೊಗದಸ್ತಾದ ತುಳಸಿಕುಂಡ ತಂದು, ಸರಿಯಾಗಿ ಅಜ್ಜಿಯ ಕಣ್ಣೆದುರಿಗೆ ಇಟ್ಟು ಬಂದರು. ನಿದ್ದೆಯಿಂದೆದ್ದ ಅಜ್ಜಿ ತುಳಸಿ ನೋಡಿದರು. ತುಳಸಿದಳ, ಬಾಯಿಗೆ ಎರಡು ಹನಿ ನೀರು, ಆಮೇಲೇನು ಎಂಬುದು ಆ ವಯಸ್ಸಿನವರಿಗೆ ಗೊತ್ತಿಲ್ಲವೇ? ಸಂಜೆಯೊಳಗೆ ಹೆಣ್ಣುಮಕ್ಕಳನ್ನೆಲ್ಲ ಕರೆಸಿ, ಬಳೆ ಯಾರಿಗೆ, ಓಲೆ ಯಾರಿಗೆ ಎಂದು ಹಂಚಿದ್ದೂ ಆಯಿತು. ಮಾರನೆಯ ದಿನ ಮಾವ ನನ್ನನ್ನೂ ಕರೆದುಕೊಂಡು ನೀರೆರೆಯಲು ಹೋದಾಗಲೇ ಸತ್ಯ ಹೊರಬಿದ್ದದ್ದು.

"ನನ್ನ ಕಳಿಸೋಕೆ ನಿಂಗೇನೋ ಅಷ್ಟು ಅವಸರ?" ಎಂದು ಅಜ್ಜಿ ಹಾಸಿಗೆಯಿಂದೆದ್ದು, ಬಾಗಿಲ ತನಕ ಅಟ್ಟಿಸಿಕೊಂಡು ಬಂದರು.

"ನೋಡ್ದ್ಯಾ, ಎದ್ದು ನಡೆದ್ರು" ಎಂದರು ಮಾವ ನನಗೆ, ಬೀದಿಗೆ ಬಂದ ಮೇಲೆ. ಓಲೆ ಮಾತ್ರ ಕಿರಿಮಗಳಿಂದ ವಾಪಸ್ಸು ಬರಲಿಲ್ಲ.

ಬೆನ್ಸನ್ ಟೌನಿನ ಡಾಕ್ಟರು ಧಾರಾಳಿ. ನರ್ಸಿಂಗ್ ಹೋಮಿನ ಹಿತ್ತಲನ್ನು ಮಾವನಿಗೇ ಬಿಟ್ಟುಕೊಟ್ಟರು. ಗೇಟಿನಿಂದ ಗೋಡೆಗೆ ನೇರವಾಗಿದ್ದ ದಾರಿಯನ್ನು ಮಾವ ಅಗೆದು, ಮಧ್ಯದಲ್ಲಿ ಒಂದು ತಿರುವು ಕೊಟ್ಟು, ತಿರುವಿನಲ್ಲಿ ದಾಸವಾಳ ನೆಟ್ಟರು.

"ನೆಟ್ಟಗಿದ್ದಿದ್ರೆ ಏನಾಗ್ತಿತ್ತು ಮಾವ?"

"ನೆಟ್ಟಗಿದ್ರೆ ಎಷ್ಟು ದೂರ ನಡೀಬೇಕು ಅಂತ ಕಂಡ್ಬಿಡುತ್ತೆ ಕಣೋ, ಕಾಯಿಲೆಯೋನು ಹೆದರ್ಕೊಳ್ತಾನೆ. ತಿರುವಿದ್ರೆ, ಅಲ್ಲೇನಿದೆ ನೋಡ್ಬಿಡೋಣ ಅಂತ ನಾಲ್ಕು ಹೆಜ್ಜೆ ಹಾಕ್ತಾನೆ."

ಮಾತು ಸುಳ್ಳಾಗಲಿಲ್ಲ. ರೋಗಿಗಳು ಒಬ್ಬರ ಹಿಂದೊಬ್ಬರು ತಿರುವಿನ ತನಕ ನಡೆಯತೊಡಗಿದರು. ದಾಸವಾಳದ ಮರೆಯಲ್ಲಿ ಡಾಕ್ಟರು ಸಿಗರೇಟು ಸೇದುತ್ತ ನಿಂತಿರುತ್ತಿದ್ದರು. "ಬಿಡಿ ಅಂತ ನಮಗೆ ಹೇಳ್ತೀರಲ್ಲ ಸಾರ್" ಎಂದು ಕೇಳಲೆಂದೇ ವಾರ್ಡಿನಿಂದ ನಡೆದು ಬರುವವರು ಹೆಚ್ಚಾದರಂತೆ.

ಇಂಥ ಮಾವ, ನಾನೇ ಹಾಸಿಗೆ ಹಿಡಿದಾಗ ಏನು ಮಾಡಬೇಕಿತ್ತು?

ಕೆ.ಆರ್. ಪುರದ ತೂಗುಸೇತುವೆ ಇನ್ನೂ ಕಟ್ಟುತ್ತಿದ್ದ ಕಾಲ. ಬೈಕಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡೆ. ನನ್ನ ಕೋಣೆಗೆ ಕಿಟಕಿಯೇನೋ ಇತ್ತು. ಅದರಾಚೆ ಪಕ್ಕದ ಮನೆಯವರ ಸಿಮೆಂಟು ಗೋಡೆ ಮೂರಡಿ ದೂರದಲ್ಲಿ ಎದ್ದು ನಿಂತಿತ್ತು. ಮೊದಲ ದಿನವೇ ಮಾವ ಬಂದರು. "ಜರುಗೋ" ಎಂದು ಪಕ್ಕದಲ್ಲಿ ಮಲಗಿದರು. ಗೋಡೆಯನ್ನು ತುಂಬ ಹೊತ್ತು ನೋಡಿದರು. ಎದ್ದು, ಕೈಚೀಲ ಎತ್ತಿಕೊಂಡು ಹೊರಟುಹೋದರು. ಮತ್ತೆ ಬರಲೇ ಇಲ್ಲ.

ನನಗೆ ಡೈರಿಯ ಚಟ. ಯಾರು ಬಂದರು, ಎಷ್ಟು ಹೊತ್ತು ಕೂತರು, ಎಲ್ಲ ಬರೆಯುತ್ತಿದ್ದೆ. ಮೊದಲ ವಾರ ಪುಟ ಸಾಲುತ್ತಿರಲಿಲ್ಲ. "ಮಗಾ, ನಾಳೆ ಮತ್ತೆ ಬರ್ತೀನಿ" ಎಂದವರ ಹೆಸರಿನ ಮುಂದೆ ಗುರುತು ಹಾಕಿಕೊಂಡಿದ್ದೆ. ಎರಡನೆಯ ತಿಂಗಳಿಗೆ ಪುಟದಲ್ಲಿ ತಾರೀಖು ಮಾತ್ರ ಉಳಿಯಿತು. ಅಮ್ಮ ಗಂಜಿ ಕೊಟ್ಟು ಕೆಲಸಕ್ಕೆ ಹೋದರೆ ಸಂಜೆಯ ತನಕ ನಾನು ಮತ್ತು ಸಿಮೆಂಟು. ಕಾಲು ಊರಲು ಡಾಕ್ಟರು ಹೇಳಿದ್ದರು. ಊರಲಿಲ್ಲ. ಎದ್ದು ಹೋಗಬೇಕಾದದ್ದು ಎಲ್ಲಿಗೆ? ಹಲಸೂರಿನ ಅಜ್ಜಿಗೂ ಸಿಕ್ಕ ಮಾವ ನನಗೆ ಸಿಗಲಿಲ್ಲವಲ್ಲ ಎಂಬ ಸಂಕಟ ಮೂಳೆನೋವಿಗಿಂತ ಹೆಚ್ಚಾಗಿತ್ತು.

ಒಂದು ಭಾನುವಾರ ಕಿಟಕಿಯಾಚೆ ಜಗಳ ಕೇಳಿಸಿತು.

"ರೀ, ಅದು ನನ್ನ ಗೋಡೆ ಕಣ್ರೀ. ಮೊಳೆ ಹೊಡೀಬೇಡಿ."

"ಗೋಡೆ ನಿಮ್ದೇ ಸ್ವಾಮಿ. ಈ ಕಡೆ ಮುಖ ನಮ್ಮ ಹುಡುಗನ್ದು. ದಿನಾ ನೋಡ್ತಿರೋನು ಅವನು."

ಪಕ್ಕದ ಮನೆಯವರು ಸುತ್ತಿಕೊಂಡು ಈ ಕಡೆಗೆ ಬರುವುದರೊಳಗೆ ಮೊಳೆ ಇಳಿದಾಗಿತ್ತು. ಮಾವ ಗೋಡೆಗೆ ದೊಡ್ಡದೊಂದು ಕನ್ನಡಿಯನ್ನು ಓರೆಯಾಗಿ ಕಟ್ಟಿದ್ದರು. ಮಧ್ಯೆ ಮಧ್ಯೆ ಒಳಬಂದು ನನ್ನ ಪಕ್ಕ ಮಲಗಿ ನೋಡುವುದು, ಹೊರಹೋಗಿ ಹುರಿ ಬಿಗಿಯುವುದು. ಸಿಮೆಂಟಿದ್ದ ಜಾಗದಲ್ಲಿ ಆಕಾಶ ಬಂತು. ಬೀದಿಯ ಹೊಂಗೆಮರ ಬಂತು. ಅದೂ ಅರ್ಧ ಮಾತ್ರ.

"ಇನ್ನರ್ಧ ಮಾವ?"

"ಎದ್ದು ಹೋಗಿ ನೋಡ್ಕೋ."

ಮಾರನೆಯ ದಿನದಿಂದ ಒಂದು ಗುಬ್ಬಿ ಕನ್ನಡಿಯೊಳಗಿನ ಗುಬ್ಬಿಯ ಜೊತೆ ಜಗಳಕ್ಕೆ ಬರತೊಡಗಿತು. ಡೈರಿಯಲ್ಲಿ ಬಂದವರ ಸಾಲಿನಲ್ಲಿ ಅದನ್ನೂ ಬರೆದೆ. ಕನ್ನಡಿಯ ಒಂದು ಮೂಲೆಯಲ್ಲಿ ಕೆಂಪು ಚುಕ್ಕಿಗಳು ಕಾಣುತ್ತಿದ್ದವು. ಮರದಾಚೆ ಯಾವುದೋ ಹಣ್ಣಿನ ಗಿಡವಿರಬೇಕು ಎಂದುಕೊಂಡೆ. ಆ ಹಣ್ಣು ಯಾವುದು, ಮರದ ಉಳಿದರ್ಧ ಎಷ್ಟು ದೊಡ್ಡದು ಎಂಬ ಯೋಚನೆ ಬಿಡಲಿಲ್ಲ. ಕಡೆಗೆ ಒಂದು ಬೆಳಿಗ್ಗೆ ವಾಕರ್ ಹಿಡಿದು, ಹಲ್ಲು ಕಚ್ಚಿ, ಕಿಟಕಿಯ ತನಕ ನಡೆದೇಬಿಟ್ಟೆ.

ಹಣ್ಣಲ್ಲ. ಅತ್ತೆಯ ಬಿಂದಿಗಳು. ಮುಖ ತೊಳೆಯುವ ಮುಂಚೆ ಹಣೆಯಿಂದ ತೆಗೆದು ಬೀರುವಿನ ಕನ್ನಡಿಗೆ ಅಂಟಿಸುತ್ತಿದ್ದರಲ್ಲ, ಅವೇ. ಮಾವ ಒಂದನ್ನೂ ಕಿತ್ತಿರಲಿಲ್ಲ. ಆ ಕನ್ನಡಿಯನ್ನು ಬೀರುವಿನಿಂದ ಬಿಚ್ಚಿ ತರಲು ಅವರಿಗೆ ಅಷ್ಟು ವಾರ ಯಾಕೆ ಬೇಕಾಯಿತೆಂದು ಆಗ ತಿಳಿಯಿತು.

ಕೋಲು ಹಿಡಿದು ನಡೆಯುವಂತಾದ ಮೇಲೆ ಮೊದಲು ಹೋದದ್ದು ಕುಕ್ ಟೌನಿಗೆ. ಬೀರುವಿನ ಬಾಗಿಲಲ್ಲಿ ಕನ್ನಡಿಯಿದ್ದ ಜಾಗಕ್ಕೆ ಬರೀ ಹಲಗೆ. ಮಾವ ಹಗಲಲ್ಲೇ ಮಂಚದ ಮೇಲೆ ಮಲಗಿದ್ದರು. ತಲೆದಿಂಬಿನ ಎದುರಿಗೆ ಕಿಟಕಿ. ಕಿಟಕಿಯ ತುಂಬ ಒಂದು ಕಪ್ಪು ನೀರಿನ ಟ್ಯಾಂಕು. ಒಂದು ಕುಂಡವಿಲ್ಲ, ಒಂದು ಬಳ್ಳಿಯಿಲ್ಲ.

"ಹೇಗಿದ್ದೀಯೋ?" ಎಂದರು.

"ನಾನಿರ್ಲಿ. ನಿಮ್ಮ ಕಿಟಕಿಗೇನೂ ಮಾಡ್ಕೊಂಡೇ ಇಲ್ವಲ್ಲ ಮಾವ?"

"ನನಗೇನಾಗಿದೆ? ನಾನು ಚೆನ್ನಾಗಿದ್ದೀನಿ."

ಕೋಲನ್ನು ಗೋಡೆಗೆ ಒರಗಿಸಿದೆ.

"ಸ್ವಲ್ಪ ಜರುಗಿ" ಎಂದೆ.

ಅವರು ಗೋಡೆಯ ಕಡೆ ಸರಿದರು. ಕಾಲನ್ನು ಕೈಯಿಂದ ಎತ್ತಿಟ್ಟುಕೊಂಡು ಪಕ್ಕದಲ್ಲಿ ಮಲಗಿದೆ.

"ಬಾಡಿಗೆ ಮನೆ ಕಣೋ, ಇಲ್ಲಿ ಏನ್ ಮಾಡೋಕಾಗುತ್ತೆ..."

"ಮಾತಾಡ್ಬೇಡಿ ಮಾವ" ಎಂದೆ. "ನೋಡ್ತಿದ್ದೀನಿ."