ನಾಲ್ಕನೇ ಕೋಣೆಯ ಬೀಗ

ಎಲ್ಲಕ್ಕೂ ಕಾರಣ ಒಂದು ಜೇಡರ ಬಲೆ.

ಸ್ಟೆನ್‌ಹೋಲ್ಮ ದ್ವೀಪದ ಸೆರೆಮನೆಗೆ ಅಂದು ನೂರು ತುಂಬಿತ್ತು. ಸ್ವೀಡನ್ನಿನ ಮಹಾ ಖದೀಮರನ್ನೆಲ್ಲ ಕೂಡಿಹಾಕುವ ಆ ಬಿಗಿ ಬಂದೋಬಸ್ತಿನ ಜೈಲಿನ ಚರಿತ್ರೆಯನ್ನು ಸಮಾರಂಭಕ್ಕೆ ಬರುವ ಮಂತ್ರಿಗಳಿಗೆ ವಿವರಿಸುವ ಭಾಗ್ಯ ಹಿರಿಯ ಕಾವಲುಗಾರ ಹಾಲ್ವಾರನ ಪಾಲಿಗೆ ಬಂದಿತ್ತು. ಇಪ್ಪತ್ತೊಂಬತ್ತು ವರ್ಷದ ಚಾಕರಿಯಲ್ಲಿ ಅವನನ್ನು ಯಾರೂ 'ಒಂದೆರಡು ಮಾತಾಡಪ್ಪಾ' ಎಂದವರಲ್ಲ. ಹದಿನೈದು ದಿನದಿಂದ ಹೆಂಡತಿ ಮುಂದೆ ಭಾಷಣ ಒಪ್ಪಿಸಿ ಒಪ್ಪಿಸಿ, ಅವಳಿಗೇ ಅದು ಬಾಯಿಪಾಠವಾಗಿತ್ತು.

ಬೆಳಿಗ್ಗೆ ಹಳೆಯ ಕಟ್ಟಡದಲ್ಲಿ ಕೊನೆಯ ಸಲ ಕಣ್ಣಾಡಿಸುವಾಗ, ಮಂತ್ರಿಗಳಿಗೆ ತೋರಿಸಬೇಕಿದ್ದ ಖಾಲಿ ನಾಲ್ಕನೇ ಕೋಣೆಯ ಮೂಲೆಯಲ್ಲಿ ಬಲೆ ಕಂಡಿತು. ಟೋಪಿ, ವೈರ್‌ಲೆಸ್ಸು ಎರಡನ್ನೂ ಹೊರಗಿನ ಕುರ್ಚಿ ಮೇಲಿಟ್ಟು ಒಳಗೆ ಹೋದ. ಗಾಳಿ ಬೀಸಿತು. ಬಾಗಿಲು 'ಧಡ್' ಎಂದು ಮುಚ್ಚಿ ಬೀಗ ತಾನಾಗಿ ಬಿದ್ದುಕೊಂಡಿತು. ಕೀಲಿಕೈ ಹೊರಗಡೆ ಬೀಗದಲ್ಲೇ ತೂಗಾಡುತ್ತಿತ್ತು.

ಅಲ್ಲಿ ನೆಲ ಒರೆಸುತ್ತಿದ್ದ ಕೈದಿಗಳು ಇಬ್ಬರು. ಒಬ್ಬ ಟೂರೆ, ಖೋಟಾ ಸಹಿಯಲ್ಲಿ ಎತ್ತಿದ ಕೈ, ಕರೆಯದ ಕೆಲಸಕ್ಕೂ ಮೊದಲಿಗ. ಇನ್ನೊಬ್ಬ ಎವರ್ಟ್, ಹತ್ತೊಂಬತ್ತು ತಿಜೋರಿ ತೆಗೆದ ಮುದುಕ. ವಸಂತ ಬಂದರೆ ಅವನಿಗೆ ಬಿಡುಗಡೆ.

"ತಡೀರಿ ತಡೀರಿ, ನಾನು ತೆಗೀತೀನಿ!" ಎಂದು ಟೂರೆ ಓಡಿಬಂದು ಕೀಲಿಯನ್ನು ಬಾವಿಯ ರಾಟೆಯಂತೆ ತಿರುಗಿಸಿದ. ಟಕ್! ಅರ್ಧ ಕೀಲಿ ಅವನ ಕೈಗೆ ಬಂತು.

"ಅಯ್ಯೋ ಪಾಪಿ! ಆ ವೈರ್‌ಲೆಸ್ ಒತ್ತಿ ಯಾರನ್ನಾದ್ರೂ ಕರಿಯೋ!"

ಟೂರೆ ಗಡಿಬಿಡಿಯಲ್ಲಿ ಎತ್ತಿಕೊಂಡ. ಅದು ಜಾರಿ ನೆಲ ಒರೆಸುವ ಬಕೆಟ್ಟಿನಲ್ಲಿ ಜಲಸಮಾಧಿಯಾಯಿತು. ಉಳಿದ ಕಾವಲುಗಾರರೆಲ್ಲ ದೋಣಿಕಟ್ಟೆಯಲ್ಲಿ ಮಂತ್ರಿಗಳ ಸ್ವಾಗತಕ್ಕೆ ಸಾಲಾಗಿ ನಿಂತಿದ್ದರು.

ಹಾಲ್ವಾರ್ ಬಾಗಿಲ ಸರಳಿಗೆ ಮುಖ ಒತ್ತಿ ಗೋಗರೆದ. "ಎವರ್ಟ್, ನೀನಾದ್ರೂ ಏನಾದ್ರೂ ಮಾಡೋ."

"ಮಾಡಬಹುದು. ಆದ್ರೆ ಜೈಲಲ್ಲಿ ನಾನು ಬೀಗ ಮುಟ್ಟಿದ್ರೆ ಇನ್ನೆರಡು ವರ್ಷ ಸೇರ್ಕೊಳ್ಳುತ್ತೆ. ಮೊಮ್ಮಗಳ ಮದುವೆ ಇದೆ, ಯಜಮಾನ್ರೇ."

ಹಾಲ್ವಾರ್ ಸರಳು ಬಿಟ್ಟ. "ಹಂಗಾದ್ರೆ ಬೇಡ ಬಿಡು. ನಾನು ಇಲ್ಲೇ ಕೂತಿರ್ತೀನಿ," ಎಂದು ಕಲ್ಲಿನ ಮಂಚದ ಮೇಲೆ ಕುಸಿದ. ಹದಿನೈದು ದಿನದ ಭಾಷಣ ಅಲ್ಲೇ ಬಾಯಿಗೆ ಬಂತು. "ಇದೇ ಕೋಣೆಯವನು ಕಣೋ, ಹನ್ನೊಂದು ವರ್ಷ ಚಮಚದಲ್ಲಿ ಸುರಂಗ ತೋಡಿ ಆಗಿನ ಸೂಪರಿಂಟೆಂಡೆಂಟರ ಅಡುಗೆಮನೇಲಿ ಎದ್ದಿದ್ದು. ಪಾಪ, ಅವರ ಹೆಂಡತಿ ಕಾಫಿ ಕೊಟ್ಟು ವಾಪಸ್ ಕಳಿಸಿದ್ರಂತೆ. ಎಷ್ಟು ಚೆನ್ನಾಗಿ ಹೇಳ್ತಿದ್ದೆ!"

ದೂರದಲ್ಲಿ ಬೂಟುಗಳ ಸದ್ದು. ಎವರ್ಟ್ ಒಂದು ಗಳಿಗೆ ಅವನನ್ನೇ ನೋಡಿದ. ಬಕೆಟ್ಟಿನ ಹಿಡಿಯ ತಂತಿ ಕಿತ್ತ. "ಆ ಕಡೆ ತಿರುಗಿ."

ನಾಲ್ಕು ಎಣಿಸುವಷ್ಟರಲ್ಲಿ ಬಾಗಿಲು ಹಾರು ಹೊಡೆದಿತ್ತು. ಹಾಲ್ವಾರ್ ಹೊರಗೆ ಕಾಲಿಟ್ಟ. ಎದುರಿಗೇ ಮಂತ್ರಿಣಿ, ಅವರ ಹಿಂದೆ ಸೂಪರಿಂಟೆಂಡೆಂಟ್ ಗುನಿಲ್ಲಾ, ಪತ್ರಿಕೆಯವರು.

"ನೂರು ವರ್ಷದಲ್ಲಿ ಒಳಗಿಂದ ಯಾರೂ ತೆಗೀದ ಬೀಗ ಅಂದ್ರಲ್ಲ?" ಎಂದರು ಮಂತ್ರಿಣಿ, ಗುನಿಲ್ಲಾರತ್ತ ತಿರುಗಿ. "ಯಾರು ತೆಗೆದಿದ್ದು?"

ಎವರ್ಟನ ಮುಖ ಸುಣ್ಣವಾಯಿತು. ಹಾಲ್ವಾರ್ ತಂತಿಯನ್ನು ಅವನ ಕೈಯಿಂದ ಯಾರಿಗೂ ಕಾಣದಂತೆ ಸೆಳೆದುಕೊಂಡ.

"ನಾನೇ, ಮೇಡಂ! ಸರಳಿನಿಂದ ಕೈ ತೂರಿಸಿ. ಚರಿತ್ರೆ ಬರೀ ಬಾಯಲ್ಲಿ ಹೇಳಿದ್ರೆ ರುಚಿಸಲ್ಲ ಅಂತ ಮಾಡಿ ತೋರಿಸಿದೆ."

ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಚಮಚದ ಸುರಂಗ, ಬಟ್ಟೆಗಾಡಿಯಲ್ಲಿ ಅಡಗಿ ಮತ್ತೆ ತನ್ನ ಕೋಣೆಗೇ ಬಂದಿಳಿದ ದರೋಡೆಕೋರ, ಒಂದೊಂದನ್ನೂ ಅಭಿನಯಿಸಿದ. ಮಂತ್ರಿಣಿ ಕಣ್ಣೊರೆಸಿಕೊಂಡು ನಕ್ಕರು. ಕಿಟಕಿ ಕಿಟಕಿಯಿಂದ ಕೈದಿಗಳು ತಟ್ಟೆ ಬಡಿದು ಜೈಕಾರ ಹಾಕಿದರು. ಹಾಲ್ವಾರನ ಎದೆ ಹಾಯಿಯಂತೆ ಉಬ್ಬಿತು.

ಸಂಜೆ ಗುನಿಲ್ಲಾ ಕರೆಸಿದರು. ಬಡ್ತಿಯೇ ಇರಬೇಕೆಂದು ಮೀಸೆ ನೇವರಿಸಿಕೊಂಡು ಹೋದ.

"ಅದ್ಭುತವಾಗಿ ಮಾಡಿದ್ರಿ, ಹಾಲ್ವಾರ್. ಆದ್ರೆ ಮಂತ್ರಿಗಳ ಕಚೇರಿಯಿಂದ ಆಜ್ಞೆ ಬಂದಿದೆ. ಬೀಗ ಬಿಚ್ಚೋ ವಿದ್ಯೆ ಗೊತ್ತಿರೋರ ಕೈಗೆ ಕೀಲಿಕೈ ಕೊಡೋ ಹಾಗಿಲ್ಲವಂತೆ."

ಮರುದಿನದಿಂದ ಗೇಟಿನಲ್ಲಿ ಅವನ ಬೂಟು ಬಿಚ್ಚಿಸಿ ತಪಾಸಣೆ. ಒಂದೊಂದು ಬಾಗಿಲಿನಲ್ಲೂ ಬೇರೆಯವರು ತೆಗೆಯುವ ತನಕ ಕಾಯಬೇಕು. ಆದರೆ ಅವನು ಹಾದುಹೋದರೆ ಸಾಕು, ಜೈಲಿಗೆ ಜೈಲೇ ಎದ್ದು ನಿಲ್ಲುತ್ತಿತ್ತು.

ವಸಂತದಲ್ಲಿ ಎವರ್ಟ್ ಹೊಸ ಕೋಟು ತೊಟ್ಟು ಗೇಟಿಗೆ ಬಂದಾಗ ಹಾಲ್ವಾರ್ ಬರಿಗಾಲಲ್ಲಿ ತಪಾಸಣೆಗೆ ನಿಂತಿದ್ದ. ಮುದುಕ ಅವನ ಕೈ ಹಿಡಿದು ಕುಲುಕಿದ.

"ನಿಮಗಿನ್ನೂ ಎಷ್ಟು ವರ್ಷ ಇದೆ, ಯಜಮಾನ್ರೇ?"

"ನಿವೃತ್ತಿಗಾ? ಆರು."

"ನಡತೆ ಚೆನ್ನಾಗಿಟ್ಕೊಳ್ಳಿ," ಎಂದ ಎವರ್ಟ್ ಕನಿಕರದಿಂದ. "ನಾಲ್ಕಕ್ಕೇ ಬಿಟ್ರೂ ಬಿಡಬಹುದು."